ಸಾಕ್ರಿ ಅನ್ನುತ್ತಿದ್ದವರು

ನಮ್ಮ ಅಂಗಡಿಗೆ ಚಹಾ ತರುತ್ತಿದ್ದ ಮಾಮಾನಿಗೆ ಕನ್ನಡ ಬರುತ್ತಿರಲಿಲ್ಲ. ಆ ಒಂದು ಕಾರಣಕ್ಕೆ ಅಂಗಡಿಯ ಲೆಕ್ಕ ನೋಡುವ ಕಾಕಾ ಹನ್ನೆರಡು ವರ್ಷ ಪಾಕದಂಥ ಚಹಾ ಕುಡಿದರು. ಮಾಮಾ ಕೆಟಲಿನಿಂದ ಬಗ್ಗಿಸುವಾಗ ಲೋಟ ಅರ್ಧ ತುಂಬುವುದರೊಳಗೆ ಕಾಕಾ ಅಂಗೈಯನ್ನು ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಅನ್ನುತ್ತಿದ್ದರು. ಮರಾಠಿಯಲ್ಲಿ ಸಾಖರ ಎಂದರೆ ಸಕ್ಕರೆ. ಈ ಮನುಷ್ಯ ದಿನಾ ಸಕ್ಕರೆ ಕೇಳುತ್ತಾರೆ ಎಂದು ತಿಳಿದ ಮಾಮಾ ಅವರೊಬ್ಬರಿಗಾಗಿ ಅಂಗಿಯ ಜೇಬಿನಲ್ಲಿ ಸಕ್ಕರೆಯ ಪುಡಿಕೆ ಇಟ್ಟುಕೊಂಡು ಬರುತ್ತಿದ್ದ. "ಘ್ಯಾ ಕಾಕಾ, ಸಾಖರ" ಎಂದು ಎರಡು ಚಮಚ ಸುರಿದು, ಕಲಕಿ, ಕೈಗೆ ಕೊಟ್ಟು ಮುಂದಿನ ಅಂಗಡಿಗೆ ಹೋಗುತ್ತಿದ್ದ.

ಕಾಕಾರಿಗೆ ಮರಾಠಿ ಬರುತ್ತಿರಲಿಲ್ಲ ಎಂದಲ್ಲ. ಮೂವತ್ತು ವರ್ಷ ಪುಣೆಯಲ್ಲಿದ್ದವರು, ಮಾಲೀಕರ ಮರಾಠಿಯನ್ನೇ ತಿದ್ದುವಷ್ಟು ಬರುತ್ತಿತ್ತು. ಈ ಒಂದು ಮಾತು ಮಾತ್ರ ಅವರ ಬಾಯಿಂದ ಕನ್ನಡದಲ್ಲೇ ಹೊರಬೀಳುತ್ತಿತ್ತು. ಹಮಾಲರೆಲ್ಲ ಅವರನ್ನು ಸಾಖರಕಾಕಾ ಎಂದೇ ಕರೆಯುತ್ತಿದ್ದರು. ಒಂದು ದಿನ ನಾನು ತಡೆಯಲಾರದೆ, "ಕಾಕಾ, ಅವಂಗ 'ಪುರೇ' ಅಂತ ಮರಾಠಿಯೊಳಗ ಹೇಳಬಾರ್ದೇನ್ರಿ?" ಎಂದು ಕೇಳಿದೆ.

"ಪ್ರೀತಿಲೆ ಹಾಕ್ತಾನ್ರಿ ಆಂವಾ. ಬ್ಯಾಡ ಅಂತ ಹ್ಯಾಂಗ ಅನ್ನೂದು?" ಎಂದರು.

"ಮತ್ತ ಅರ್ಧಾ ಲೋಟಕ್ಕ ಸಾಕು ಅಂತೀರಲ್ಲ?"

ಕಾಕಾ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಲಾರಿ ಮಾಲಿನ ಬಿಲ್ಟಿ ಚೀಟಿಗಳನ್ನು ಜೋಡಿಸತೊಡಗಿದರು. ನಾನು ಮುದುಕರ ಹಟ ಎಂದುಕೊಂಡೆ.

ಪುಣೆಯ ಮಾರ್ಕೆಟ್ ಯಾರ್ಡಿನ ಒಂದು ಬೇಳೆಕಾಳಿನ ಸಗಟು ಅಂಗಡಿ ನಮ್ಮದು. ನಮ್ಮದು ಎಂದರೆ ಮಾಲೀಕರದು. ಕಾಕಾ ಅಲ್ಲಿ ದಿವಾಣಜಿ, ಬಂದ ಮಾಲು ಹೋದ ಮಾಲು ಎಲ್ಲ ಅವರ ಬಾಯಲ್ಲಿ. ನಾನು ಕಂಪ್ಯೂಟರಿನ ಮುಂದೆ ಕೂತು ಬಿಲ್ಲು ಮಾಡುವವಳು. ಇಬ್ಬರೂ ಧಾರವಾಡದ ಕಡೆಯವರಾದ್ದರಿಂದ ಅಂಗಡಿಯಲ್ಲಿ ನಮಗೊಂದು ಗುಟ್ಟಿನ ಭಾಷೆ ಇದ್ದಂತಿತ್ತು. ಕಾಕಾ ಚೀಲಕ್ಕೆ ಕೈ ಹಾಕಿ ಒಂದು ತೊಗರಿ ಕಾಳನ್ನು ಹಲ್ಲಿನಲ್ಲಿ ಕಡಿದು ಅದು ಹಳೆಯದೋ ಹೊಸದೋ ಹೇಳುತ್ತಿದ್ದರು. ನೆಲದ ಮೇಲೆ ಬಿದ್ದ ಕಾಳು ಕಂಡರೆ ಮಾತ್ರ ಅವರ ಮುಖ ಗಂಟಾಗುತ್ತಿತ್ತು. ಬಗ್ಗಿ ಒಂದೊಂದಾಗಿ ಆರಿಸುತ್ತಿದ್ದರು. ಅಷ್ಟು ಹೊತ್ತು ಗಿರಾಕಿ ನಿಂತಿರಬೇಕು. ನನಗೆ ಸಿಟ್ಟು ಬರುತ್ತಿತ್ತು. ಕೇಳದೆ ಬುದ್ಧಿ ಹೇಳುವುದು ಅವರ ಇನ್ನೊಂದು ಚಟ. ನಾನು ಊಟದ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಭಕ್ರಿ ಯಾವ ಹಿಟ್ಟಿನದು, ಹಿಟ್ಟು ಯಾವಾಗ ಬೀಸಿದ್ದು ಎಂದು ಶುರು ಮಾಡುತ್ತಿದ್ದರು. ಈ ಮನುಷ್ಯನಿಂದ ನನ್ನ ಸಂಸಾರ ಉಳಿಯುವ ದಿನ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನನ್ನ ಗಂಡ ಖರಾಡಿಯ ಕಂಪನಿಗಳಿಗೆ ಜನರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಿದ್ದರು. ಒಂದು ಮುಂಜಾನೆ ಮುಖ ತೊಳೆಯುತ್ತಿದ್ದವರು ಬಚ್ಚಲಲ್ಲೇ ಕುಸಿದರು. ಲಕ್ವಾ. ಬಲಗೈ, ಬಲಗಾಲು ಹೋದವು. ಮಾತು ಮುದ್ದೆಯಾಯಿತು. ಮನೆಯಲ್ಲಿ ಹಲ್ಲಿಲ್ಲದ, ಸಕ್ಕರೆ ಕಾಯಿಲೆಯ ಅತ್ತೆ. ಹತ್ತನೆಯ ತರಗತಿಯ ಮಗಳು, ಐದನೆಯ ತರಗತಿಯ ಮಗ. ಸಂಬಳ ಎಂದರೆ ನನ್ನದೊಂದೇ ಉಳಿಯಿತು, ಅದರಲ್ಲಿ ಔಷಧಿಯ ಪಾಲು ಮೊದಲು ಹೋಗುತ್ತಿತ್ತು. ಅಂಗಡಿ ಮುಚ್ಚಿ ಬಿಬ್ವೇವಾಡಿಯ ನಮ್ಮ ಎರಡು ಕೋಣೆಯ ಮನೆ ಸೇರುವಾಗ ಎಂಟಾಗುತ್ತಿತ್ತು. ಅಷ್ಟರಲ್ಲಿ ಅತ್ತೆ ಹಾಲಿನಲ್ಲಿ ಚುರುಮುರಿ ನೆನೆಸಿ ತಿಂದಿರುತ್ತಿದ್ದರು. ಮಗ ಗಲ್ಲಿಯ ವಡಾಪಾವ್ ತಿಂದು ಬಂದಿರುತ್ತಿದ್ದ. ಮಗಳು ಪುಸ್ತಕದ ಮುಂದೆ ಒಣ ಬ್ರೆಡ್ಡು ಅಗಿಯುತ್ತಿದ್ದಳು. ಗಂಡ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಎಡಗೈಯಿಂದ ಉಣ್ಣುವಾಗ ಅರ್ಧ ತುತ್ತು ಎದೆಯ ಮೇಲೆ ಬೀಳುತ್ತಿತ್ತು. ಮಕ್ಕಳು ಅದನ್ನು ನೋಡಬಾರದು ಎಂದು ಅವರು ಉಣ್ಣುವುದನ್ನೇ ಬಿಟ್ಟಿದ್ದರು. ನಾನು ಬಂದು ಬಾಗಿಲು ಹಾಕಿಕೊಂಡು ತಿನ್ನಿಸಬೇಕಿತ್ತು. ಎರಡು ಕೋಣೆಯ ಮನೆಯಲ್ಲಿ ಐದು ಮಂದಿ ಐದು ಮೂಲೆಯಲ್ಲಿ ಉಣ್ಣುತ್ತಿದ್ದೆವು.

ಆ ದಿನಗಳಲ್ಲಿ ನನ್ನ ತಲೆಯೊಳಗೆ ಬೆಳಗಿನಿಂದ ಒಂದೇ ಪ್ರಶ್ನೆ ಗಿರಕಿ ಹೊಡೆಯುತ್ತಿತ್ತು. ಅದು ಕೈಗೂ ಇಳಿದುಬಿಟ್ಟಿತು. ಒಂದು ಮಧ್ಯಾಹ್ನ ಮಾಲೀಕರು ನಾನು ಬರೆದ ಚೀಟಿಯೊಂದನ್ನು ಹಿಡಿದುಕೊಂಡು ಕಾಕಾರ ಹತ್ತಿರ ಬಂದು, "ಹಾ ಕೊಣತಾ ಮಾಲ?" ಎಂದು ಕೇಳಿದರು. ಇದು ಯಾವ ಮಾಲು ಎಂದು. ಗಿರಾಕಿಗೆ ಕಳಿಸಬೇಕಿದ್ದ ಚೀಟಿ ಅದು. ಸರಕಿನ ಹೆಸರು ಬರೆಯುವ ಜಾಗದಲ್ಲಿ ನಾನು ಕನ್ನಡದಲ್ಲಿ "ರಾತ್ರಿಗೆ ಏನು" ಎಂದು ಬರೆದಿದ್ದೆ.

ಕಾಕಾ ಕನ್ನಡಕದೊಳಗಿಂದ ಚೀಟಿ ನೋಡಿದರು, ನನ್ನನ್ನು ನೋಡಿದರು. ನಂತರ ಮಾಲೀಕರಿಗೆ ಬಹಳ ಗಂಭೀರವಾಗಿ ಮರಾಠಿಯಲ್ಲಿ, ಇದು ಕರ್ನಾಟಕದ ಕಡೆಯ ಒಂದು ಕಾಳು, ನಮ್ಮಲ್ಲಿ ಸದ್ಯ ಸ್ಟಾಕ್ ಇಲ್ಲ, ನಾನು ವ್ಯವಸ್ಥೆ ಮಾಡುತ್ತೇನೆ ಎಂದರು. ಮಾಲೀಕರು ತಲೆಯಾಡಿಸಿ ಹೋದರು. ನಾನು ನಗಬೇಕೆಂದು ಬಾಯಿ ತೆರೆದೆ, ಅಳು ಬಂತು.

ಊಟದ ಹೊತ್ತಿಗೆ ಕಾಕಾ ಹಿಂದಿನ ಗೋದಾಮಿನಲ್ಲಿ ಚೀಲದ ಮೇಲೆ ಕರವಸ್ತ್ರ ಹಾಸಿಕೊಂಡು ಕುಳಿತರು. ಹಳೆಯ ಬಿಲ್ಟಿಯೊಂದನ್ನು ಮಗುಚಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದರು. ನಾನು ಸೋಮವಾರ ಏನು ಮಾಡಲಿ, ಮಂಗಳವಾರ ಏನು ಮಾಡಲಿ ಎಂದು ಶುರು ಮಾಡಿದೆ.

"ಅಡಗಿ ಆಮ್ಯಾಲ ಬಾಯಾರ. ಮೊದಲ ಮಂದಿ ಹೇಳ್ರಿ. ಯಾರು ಯಾವಾಗ ಮನಿಗೆ ಬರ್ತಾರ, ಯಾರಿಗೆ ಏನು ಉಣ್ಣಾಕ ಬರ್ತದ, ಅಷ್ಟ ಹೇಳ್ರಿ."

ಹೇಳಿದೆ. ಚೀಟಿಯ ನೆತ್ತಿಯ ಮೇಲೆ "ಐದು ಮಂದಿ" ಎಂದು ದಪ್ಪಗೆ ಬರೆದು ಕೆಳಗೆ ಗೆರೆ ಎಳೆದರು.

"ಈ ಐದರಾಗ ಎಲ್ಲಾರಕಿಂತ ಅಶಕ್ತ ಯಾರು?"

"ನಮ್ಮವರು."

"ಹಂಗಾದ್ರ ಅವರು ಉಣ್ಣೂದ ಎಲ್ಲಾರೂ ಉಣ್ರಿ. ಅವರು ಚಮಚಾದಾಗ ಉಣ್ತಾರೇನು? ಎಲ್ಲಾರೂ ಚಮಚಾದಾಗ ಉಣ್ರಿ. ಒಬ್ಬರಿಗೆ ಬ್ಯಾರೆ ಮಾಡಿ ಬ್ಯಾರೆ ಕುಂಡ್ರಿಸಿದ್ರ ಅದು ಊಟ ಅಲ್ಲ, ಔಷಧ."

ನನ್ನ ಅಷ್ಟೂ ತಿಂಗಳ ತಪ್ಪು ಆ ಒಂದು ಮಾತಿನಲ್ಲಿ ಸಿಕ್ಕಿಬಿತ್ತು. ನಾನು ಅವರಿಗೆ ಗಂಜಿ, ಅತ್ತೆಗೆ ಮೆತ್ತನ್ನ, ಮಕ್ಕಳಿಗೆ ಚಪಾತಿ ಎಂದು ಮೂರು ಅಡುಗೆ ಮಾಡಲು ಹೋಗಿ ಒಂದನ್ನೂ ನೆಟ್ಟಗೆ ಮಾಡಲಾಗದೆ ಕೂತಿದ್ದೆ. ಕಾಕಾ ಒಂದೇ ಪಾತ್ರೆಗೆ ಇಳಿಸಿದರು. ಸೋಮವಾರ ಜೋಳದ ನುಚ್ಚು, ಮಜ್ಜಿಗೆ. ಮಂಗಳವಾರ ಹೆಸರುಬೇಳೆ ಖಿಚಡಿ. ಸಂಜೆ ಯಾರ್ಡಿನಲ್ಲಿ ಕಟ್ಟು ಬಿಚ್ಚಿಹೋದ ಸೊಪ್ಪು ಅಗ್ಗಕ್ಕೆ ಸಿಗುತ್ತದಲ್ಲ, ಗುರುವಾರ ಅದನ್ನು ತಂದು ಬೇಳೆಯೊಡನೆ ಕುದಿಸಿ ಮುದ್ದಿಪಲ್ಯ, ಅನ್ನ. ಭಕ್ರಿ ಮಾಡುವ ದಿನವೂ ಅದನ್ನು ಬಿಸಿ ಸಾರಿನಲ್ಲಿ ಮುರಿದು ಎಲ್ಲರಿಗೂ ಬಟ್ಟಲಿಗೇ ಹಾಕುವುದು. ರವಿವಾರ ವಾರಕ್ಕಾಗುವಷ್ಟು ಶೇಂಗಾ ಚಟ್ನಿ ಕುಟ್ಟಿಡುವುದು. ಮಗಳು ಏಳಕ್ಕೆ ಕುಕ್ಕರ್ ಇಡಬೇಕು, ಮಗ ಮಜ್ಜಿಗೆ ತರಬೇಕು, ಅತ್ತೆ ಸೊಪ್ಪು ಬಿಡಿಸಬೇಕು.

"ಮತ್ತ ನಿಮ್ಮವರ ಕೆಲಸಾ?" ಎಂದರು.

"ಅವರ ಕಡಿಂದ ಏನಾಗ್ತದ ಕಾಕಾ?"

"ಎಡಗೈ ಅದ ಅಲ್ಲೇನ್ರಿ? ಚಮಚಾ ಇಡ್ಲಿ. ಐದು."

ಮೊದಲ ಸೋಮವಾರ ಎಂಟೂಕಾಲಿಗೆ ನಾವು ಐವರೂ ನೆಲದ ಮೇಲೆ ಕುಳಿತೆವು. ಗಂಡ ಗೋಡೆಗೆ ಒರಗಿ, ಎಡಗೈಯಿಂದ ಒಂದೊಂದೇ ಚಮಚ ಎಳೆದು ಐದು ಕಡೆ ಇಟ್ಟರು. ಅದಕ್ಕೆ ಹತ್ತು ನಿಮಿಷ ಹಿಡಿಯಿತು. ಎಲ್ಲರ ಬಟ್ಟಲಲ್ಲೂ ಒಂದೇ ನುಚ್ಚು, ಎಲ್ಲರ ಕೈಯಲ್ಲೂ ಚಮಚ. ಮಜ್ಜಿಗೆ ಗಂಡನ ಎದೆಯ ಮೇಲೆ ಬಿತ್ತು, ಮಗನ ಎದೆಯ ಮೇಲೂ ಬಿತ್ತು. ಮಗ ಬೇಕೆಂದೇ ಚೆಲ್ಲಿದ್ದನೋ ಏನೋ, ನಾನು ಕೇಳಲಿಲ್ಲ. ಅವತ್ತು ನನ್ನ ಗಂಡ ಎರಡನೆಯ ಸಲ ಬಟ್ಟಲು ಮುಂದೆ ಚಾಚಿದರು.

ಬುಧವಾರ ಮಾತ್ರ ಚೀಟಿಯಲ್ಲಿ ಖಾಲಿ ಇತ್ತು. ಬುಧವಾರ ನಮ್ಮ ಅಂಗಡಿಗೆ ಹೊರಗಿನ ಮಾಲು ಬರುವ ದಿನ. ಲಾರಿ ಖಾಲಿಯಾಗಿ ಬಿಲ್ಲು ಮುಗಿಯುವವರೆಗೆ ನಾನು ಏಳುವಂತಿಲ್ಲ. ಮಗಳಿಗೂ ಅವತ್ತು ಟ್ಯೂಷನ್ನು. ಎಷ್ಟು ತಿಣುಕಿದರೂ ಆ ದಿನ ಹೊಂದಲಿಲ್ಲ. ಚೀಟಿ ಬರೆಯುವಾಗ ಕಾಕಾ ಆ ಖಾಲಿ ಸಾಲಿನ ಮೇಲೆ ಪೆನ್ಸಿಲ್ ಆಡಿಸಿದರು.

"ಬುಧವಾರ ಹಿಂಗ ಇರ್ತದ ನೋಡ್ರಿ," ಎಂದರು. "ಇರ್ಲಿ. ಬುಧವಾರ ನಾ ನೋಡ್ತೇನಿ."

ಆ ವಾರದಿಂದ ಪ್ರತಿ ಬುಧವಾರ ಸಂಜೆ ಆರೂವರೆಗೆ ಅವರು ಮಾಲೀಕರಿಗೆ ಹೇಳಿ ಸ್ಕೂಟರ್ ತೆಗೆಯುತ್ತಿದ್ದರು. ಅವರ ಮನೆಯೂ ಬಿಬ್ವೇವಾಡಿಯಲ್ಲೇ. ಕಾಕೂ, ಎಂದರೆ ಅವರ ಹೆಂಡತಿ, ಮಾಡಿಟ್ಟ ಅಡುಗೆಯನ್ನು ನಾಲ್ಕು ಅಂತಸ್ತಿನ ಡಬ್ಬಿಯಲ್ಲಿ ತುಂಬಿಕೊಂಡು ನಮ್ಮ ಮನೆಯ ಕೆಳಗೆ ನಿಂತು ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಮಗ ಓಡಿಹೋಗಿ ಇಸಿದುಕೊಳ್ಳುತ್ತಿದ್ದ. ಆಮೇಲೆ ಅವರು ಮತ್ತೆ ಅಂಗಡಿಗೆ ಬಂದು ಲಾರಿಯ ಮುಂದೆ ನಿಲ್ಲುತ್ತಿದ್ದರು. ಒಂದು ದಿನವೂ ಮೆಟ್ಟಿಲು ಹತ್ತಲಿಲ್ಲ. ಮೇಲೆ ಬನ್ನಿ ಎಂದು ಎಷ್ಟು ಕರೆದರೂ, "ಉಣ್ಣೂ ಹೊತ್ತಿನ್ಯಾಗ ಮಂದಿ ಮನಿ ಹೊಸ್ತಿಲಾ ತುಳಿಯೂದು ನನಗ ಆಗಂಗಿಲ್ರಿ" ಎನ್ನುತ್ತಿದ್ದರು. ನಾನು ಗುರುವಾರ ಡಬ್ಬಿ ತೊಳೆದು, ಖಾಲಿ ಕೊಡಬಾರದೆಂದು ತಳದಲ್ಲಿ ಒಂದು ಚಮಚ ಸಕ್ಕರೆ ಹಾಕಿ ಕೊಡುತ್ತಿದ್ದೆ. "ಇನ್ನ ನೀವೂ ಶುರು ಮಾಡಿದ್ರೇನು ಸಾಖರ?" ಎಂದು ನಗುತ್ತಿದ್ದರು. ಡಬ್ಬಿ ಇಸಿದುಕೊಂಡ ಮೇಲೆ ಒಂದೇ ಪ್ರಶ್ನೆ. "ಐದೂ ಮಂದಿ ಕೂಡಿ ಉಂಡ್ರಿ?"

ಮಾರ್ಚಿನಲ್ಲಿ ಹುಬ್ಬಳ್ಳಿಯಿಂದ ನನ್ನ ಅಣ್ಣ ಫೋನ್ ಮಾಡಿದ. ಹತ್ತನೆಯ ಪರೀಕ್ಷೆ ಮುಗಿದ ಮೇಲೆ ಮಗಳನ್ನು ತನ್ನ ಮನೆಗೆ ಕಳಿಸು, ಅಲ್ಲೇ ಕಾಲೇಜು ಓದಲಿ, ನಿನಗೂ ಒಂದು ಹೊರೆ ಕಡಿಮೆ ಎಂದ. ಅಣ್ಣ ಕೆಟ್ಟವನಲ್ಲ. ಅವನ ಹೆಂಡತಿ, ನಮ್ಮ ವೈನಿಯೂ ಕೆಟ್ಟವಳಲ್ಲ. ನನಗೆ ಹಗುರವಾದಂತೆ ಅನಿಸಿತು. ಕಾಕಾರಿಗೆ ಹೇಳಿದೆ, ಒಳ್ಳೆಯ ಸುದ್ದಿ ಎಂಬಂತೆ ಹೇಳಿದೆ. ಅವರು ಕೈಯಲ್ಲಿದ್ದ ತುತ್ತನ್ನು ಡಬ್ಬಿಯಲ್ಲಿ ಇಟ್ಟರು. ನನ್ನನ್ನು ಮೊದಲ ಸಲ ತಂಗಿ ಎಂದು ಕರೆದದ್ದು ಅವತ್ತು.

"ತಂಗಿ, ವಾರಾನ್ನ ಅಂದ್ರ ಗೊತ್ತದ ಏನ?"

ಕೇಳಿ ಗೊತ್ತಿತ್ತು. ಬಡ ಹುಡುಗರು ಓದಲು ಊರಿಗೆ ಬಂದು ದಿನಕ್ಕೊಂದು ಮನೆಯಂತೆ ವಾರವಿಡೀ ಉಣ್ಣುವುದು.

"ಧಾರವಾಡದಾಗ ನಾಲ್ಕ ವರ್ಷ ನಾ ವಾರಾ ಉಂಡೇನಿ. ಆರು ಮನಿ ಸಿಕ್ಕಿದ್ವು. ಬುಧವಾರಕ್ಕ ಮನಿ ಸಿಗಲಿಲ್ಲ. ಬುಧವಾರ ನಳದ ನೀರು ಕುಡಿದು ಮಲಗತಿದ್ದೆ. ಅದೇನ ದೊಡ್ಡದಲ್ಲ ಬಿಡು, ಒಂದ ದಿನದ ಹಸಿವು ಹೋಗ್ತದ. ಆರು ಮನಿ ಹಸಿವು ಏನದ, ಅದು ಹೋಗಂಗಿಲ್ಲ."

"ಆ ಮಂದಿ ಏನರ ಅಂತಿದ್ರೇನು ಕಾಕಾ?"

"ಇಲ್ಲವಾ! ದೇವರಂಥಾ ಮಂದಿ. ಯಾರೂ ಒಂದ ಮಾತು ಅಂದಿಲ್ಲ. ಮತ್ತ ನೀಡ್ಲೇನೋ ಅಂತ ಕೇಳತಿದ್ರು. ಆದ್ರ ಮಂದಿ ಮನ್ಯಾಗ ಕೂಸು ಮೊದಲ ಕಲಿಯೂ ಮಾತು ಯಾವುದು ಗೊತ್ತದೇನು? ಸಾಕ್ರಿ. ಹೊಟ್ಟಿ ಅರ್ಧಾ ತುಂಬಿದಾಗ ಕೈ ತಾನ ಹೋಗಿ ತಾಟಿನ ಮ್ಯಾಲ ಅಡ್ಡ ನಿಲ್ತದ. ಯಾರೂ ಕಲಿಸಂಗಿಲ್ಲ ಅದನ್ನ. ಐವತ್ತು ವರ್ಷ ಆತು. ನನ್ನ ಹೆಂಡ್ತಿ ನನ್ನ ಮನ್ಯಾಗ ನಾ ದುಡದದ್ದು ನೀಡಿದ್ರೂ ಈ ಕೈ ಕೇಳಂಗಿಲ್ಲ."

ಕೈಯನ್ನು ಮುಂದೆ ಚಾಚಿ, ಯಾರದೋ ಕೈ ಎಂಬಂತೆ ಅದನ್ನು ನೋಡಿದರು. ಆಮೇಲೆ ಹೇಳಿದರು, "ಕೂಸಿನ್ನ ಕಳಸಬ್ಯಾಡ. ಇಲ್ಲೇ ನುಚ್ಚು ಉಣ್ಣಲಿ. ನಾವು ಹೊಂದಸೂಣು."

ಹನ್ನೆರಡು ವರ್ಷದ ಸಿಹಿ ಚಹಾ ನನಗೆ ಅವತ್ತು ಅರ್ಥವಾಯಿತು. ಮುದುಕರ ಹಟ ಎಂದುಕೊಂಡದ್ದು ನೆನಪಾಗಿ ನಾಚಿಕೆಯಾಯಿತು. ಸಂಜೆ ಅಣ್ಣನಿಗೆ ಫೋನ್ ಮಾಡಿ ಮಗಳು ಬರುವುದಿಲ್ಲ ಎಂದೆ.

ಎರಡು ತಿಂಗಳು ಹೇಗೋ ನಡೆಯಿತು. ಪ್ರತಿ ರವಿವಾರ ಕಾಕಾ ಕೊಟ್ಟ ಹಳೆಯ ಬಿಲ್ಟಿಯ ಹಿಂದೆ ಹೊಸ ಚೀಟಿ ಬರೆಯುತ್ತಿದ್ದೆ. ಐದು ಮಂದಿ ಎಂದು ಮೊದಲು ಬರೆಯುವುದು, ಆಮೇಲೆ ಉಳಿದದ್ದು. ಎಣ್ಣೆ ಮುಗಿದ ವಾರ ಒಗ್ಗರಣೆಯಿಲ್ಲದ ಅಡುಗೆಗಳನ್ನೇ ಆರಿಸುತ್ತಿದ್ದೆವು. ಗ್ಯಾಸ್ ಮುಗಿಯುವ ಹೊತ್ತಿಗೆ ಎರಡು ದಿನದ ಬೇಳೆ ಒಮ್ಮೆಲೇ ಬೇಯಿಸುತ್ತಿದ್ದೆವು. ಮೇ ಕೊನೆಯಲ್ಲಿ ಗಂಡನಿಗೆ ಮತ್ತೊಮ್ಮೆ ಲಕ್ವಾ ಹೊಡೆಯಿತು. ಹನ್ನೆರಡು ದಿನ ದವಾಖಾನೆ. ಅದೇ ವಾರ ಅತ್ತೆ ಬಚ್ಚಲಲ್ಲಿ ಜಾರಿ ಹಾಸಿಗೆ ಹಿಡಿದರು. ನಾನು ಅಂಗಡಿ, ದವಾಖಾನೆ, ಮನೆ ಎಂದು ಓಡುತ್ತಿದ್ದರೆ ಮಗಳು ಇಬ್ಬರು ರೋಗಿಗಳ ನಡುವೆ ಕಾಲೇಜಿನ ಅರ್ಜಿಯನ್ನು ಹಿಡಿದುಕೊಂಡು ಕೂತಿರುತ್ತಿದ್ದಳು. ಅದನ್ನು ತುಂಬುವುದಕ್ಕೂ ನನ್ನಲ್ಲಿ ಬಿಡುವಿರಲಿಲ್ಲ, ಫೀಗೂ ಏನೂ ಉಳಿದಿರಲಿಲ್ಲ. ನೋಡಲು ಬಂದ ಅಣ್ಣ ಮನೆಯ ಸ್ಥಿತಿ ಕಂಡು ಏನೂ ಕೇಳಲಿಲ್ಲ. ಅವಳ ಬಟ್ಟೆ ತುಂಬಿಕೊಂಡ. ನಾನು ಬೇಡ ಅನ್ನಲಿಲ್ಲ. ಬಸ್ಸು ಹತ್ತುವಾಗ ಅವಳು, "ಅವ್ವಾ, ಕುಕ್ಕರ್ ಯಾರ ಇಡ್ತಾರ?" ಎಂದಳು.

ಕಾಕಾರಿಗೆ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದು ಒಂದು ವಾರ ದೂಡಿದೆ. ಅಷ್ಟರಲ್ಲಿ ಬುಧವಾರ ಬಂತು, ಡಬ್ಬಿ ಬಂತು, ಐದು ಮಂದಿಯ ಅಡುಗೆ ಬಂತು. ಗುರುವಾರ ಮುಂಜಾನೆ ಎಂದಿನ ಪ್ರಶ್ನೆ.

"ಐದೂ ಮಂದಿ ಕೂಡಿ ಉಂಡ್ರಿ?"

"ಹೂಂ ಕಾಕಾ."

"ಕೂಸು?"

"ಎರಡ ಸಲ ನೀಡಿಸಿಕೊಂಡ್ಳು."

"ಎರಡ ಸಲ! ಭೇಷ್!" ಎಂದು ತೊಡೆ ತಟ್ಟಿಕೊಂಡರು. ಆ ಮುಖ ನೋಡಿದ ಮೇಲೆ ನಿಜ ಹೇಳುವ ಬಾಗಿಲು ಮುಚ್ಚಿತು. ಪೂರ್ತಿ ಸತ್ಯ ಹೇಳುವುದಾದರೆ, ನಾಚಿಕೆ ಒಂದೇ ಕಾರಣವಲ್ಲ. ಅವರ ಮಾತು ಮೀರಿ ಮಗಳನ್ನು ಕಳಿಸಿದೆ ಎಂದು ಗೊತ್ತಾದರೆ ಡಬ್ಬಿ ನಿಂತೀತು ಎಂಬ ಭಯವೂ ಇತ್ತು. ಐದನೆಯ ಪಾಲನ್ನು ಎತ್ತಿಟ್ಟು ಗುರುವಾರ ಮುಂಜಾನೆ ಮಗನಿಗೆ ಕೊಟ್ಟು ಶಾಲೆಗೆ ಕಳಿಸುತ್ತಿದ್ದೆ. ಮಗಳ ಪಾಲಿನಿಂದ ಒಂದು ಹೊತ್ತು ಉಳಿಸುವ ತಾಯಿಯಾಗಿದ್ದೆ ನಾನು. ಕಾಕಾ ಕೇಳಿದರೆ ಅಕ್ಕ ಟ್ಯೂಷನ್ನಿಗೆ ಹೋಗ್ಯಾಳ ಅನ್ನು ಎಂದು ಮಗನಿಗೂ ಸುಳ್ಳು ಕಲಿಸಿದೆ.

ಮನೆಯಲ್ಲಿ ಸುಳ್ಳು ಹೇಳದಿದ್ದವರು ನನ್ನ ಗಂಡ ಒಬ್ಬರೇ. ದಿನಾ ಸಂಜೆ ಚಮಚ ಇಡುವಾಗ ಐದೇ ಇಡುತ್ತಿದ್ದರು. ನಾನು ಒಂದನ್ನು ತೆಗೆಯುತ್ತಿದ್ದೆ. ಅವರು ನನ್ನ ಮುಖ ನೋಡುತ್ತಿದ್ದರು. ಮರುದಿನ ಮತ್ತೆ ಐದು.

ಜೂನ್, ಜುಲೈ, ಆಗಸ್ಟ್. ಪ್ರತಿ ಗುರುವಾರ ನನ್ನ ಮಗಳು ಎರಡೆರಡು ಸಲ ನೀಡಿಸಿಕೊಂಡಳು. ಒಂದು ಸಲ ಕಾಕೂ ಮಾಡಿದ ಬದನೆಯ ಎಣ್ಣೆಗಾಯಿ ಅವಳಿಗೆ ಬಹಳ ಸೇರಿತು ಎಂದೆ. ಮುಂದಿನ ಬುಧವಾರ ಡಬ್ಬಿಯಲ್ಲಿ ಮತ್ತೆ ಎಣ್ಣೆಗಾಯಿ ಇತ್ತು, ಮೊದಲಿಗಿಂತ ಜಾಸ್ತಿ. ನನ್ನ ಪಾಲನ್ನು ಮಗನ ಬಟ್ಟಲಿಗೆ ಸುರಿದೆ. ಆ ದಿನಗಳಲ್ಲಿ ಕಾಕಾ ಬೇರೇನನ್ನೂ ಕೇಳುತ್ತಿರಲಿಲ್ಲ. ನಾನು ಉತ್ತರ ಹೇಳಿದ ಮೇಲೂ ನನ್ನನ್ನೇ ನೋಡುತ್ತ ನಿಂತಿರುತ್ತಿದ್ದರು. ಇನ್ನೇನೋ ಹೇಳುತ್ತೇನೆ ಎಂದು ಕಾಯುವವರ ಹಾಗೆ. ನಾನು ಕಂಪ್ಯೂಟರಿನ ಕಡೆ ತಿರುಗುತ್ತಿದ್ದೆ.

ಸೆಪ್ಟೆಂಬರಿನ ಒಂದು ಬುಧವಾರ ಹಾರ್ನ್ ಕೇಳಲಿಲ್ಲ. ಕಾಕಾ ಸೋಮವಾರದಿಂದಲೇ ಜ್ವರ ಎಂದು ರಜೆ ಹಾಕಿದ್ದರು. ಬುಧವಾರ ದವಾಖಾನೆಗೆ ಸೇರಿಸಿದರಂತೆ. ನಾಳೆ ಹೋಗುತ್ತೇನೆ, ಅವರೆದುರು ಕೂತು ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೆ. ನನ್ನ ಗಂಡನ ಔಷಧಿ, ಅತ್ತೆಯ ಗಾಯದ ಡ್ರೆಸ್ಸಿಂಗು, ಅವರಿಲ್ಲದ ಅಂಗಡಿಯಲ್ಲಿ ಎರಡು ಜನರ ಕೆಲಸ. ನಾಳೆ ಎಂಬುದು ಆರು ದಿನವಾಯಿತು. ಏಳನೆಯ ದಿನ ಮುಂಜಾನೆ ಚಹಾದ ಮಾಮಾ ಖಾಲಿ ಕೈಯಲ್ಲಿ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತ. "ಸಾಖರಕಾಕಾ ಗೇಲೇ" ಎಂದ. ಹೋಗಿಬಿಟ್ಟರು ಎಂದು. ಅಂಗಿಯ ಜೇಬಿನಿಂದ ಪುಡಿಕೆ ತೆಗೆದು ಕಾಕಾರ ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡ.

ಕಾಕೂ ಅವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಒಂಬತ್ತು ತಿಂಗಳು ಅವರ ಕೈ ಅಡುಗೆ ಉಂಡವಳು ಅವರ ಮುಖ ನೋಡಿದ್ದು ಆ ದಿನ ಅವರ ಮನೆಯಲ್ಲಿ. ಜನರೆಲ್ಲ ಹೋದ ಮೇಲೆ ನನ್ನನ್ನು ಒಳಗೆ ಕರೆದು ಹತ್ತಿರ ಕೂರಿಸಿಕೊಂಡರು.

"ದವಾಖಾನ್ಯಾಗೂ ಅದ ಧ್ಯಾನಾರಿ ಅವರಿಗೆ. ಇವತ್ತ ಬುಧವಾರ ಅಲ್ಲೇನು, ಆ ಐದು ಮಂದಿ ಡಬ್ಬಿ ಹೋತೇನು ಅಂತ."

ಇನ್ನು ತಡೆಯಲಾಗಲಿಲ್ಲ. "ಐದು ಮಂದಿ ಇರಲಿಲ್ರಿ ಕಾಕೂ," ಎಂದೆ. "ಮಗಳನ್ನ ಜೂನದಾಗ ಹುಬ್ಬಳ್ಳಿಗೆ ಕಳಿಸೇನ್ರಿ. ನಾ ಅವರಿಗೆ ಸುಳ್ಳ ಹೇಳಿದೆ."

"ಗೊತ್ತದವಾ," ಎಂದರು ಕಾಕೂ.

ನನಗೆ ಕೇಳಿಸಿದ್ದು ಸರಿಯೇ ಎಂದು ಅವರ ಮುಖ ನೋಡಿದೆ.

"ಅವರಿಗೂ ಗೊತ್ತಿತ್ತು. ಜುಲೈದಾಗ ನಿಮ್ಮ ಮಗ ಡಬ್ಬಿ ಇಸಕೊಳ್ಳಾಕ ಬಂದಾಂವ ಅತ್ತು ಹೇಳಿದ್ನಂತ, ಅಕ್ಕ ಹೋಗ್ಯಾಳ, ಅವ್ವ ಸುಳ್ಳ ಹೇಳು ಅಂದಾಳ ಅಂತ. ಮನಿಗೆ ಬಂದು ನನ್ನ ಮುಂದ ಹೇಳಿದ್ರು. ಹಂಗಾದ್ರ ನಾಲ್ಕ ಮಂದಿದು ಮಾಡ್ಲೇನ್ರಿ ಅಂದೆ. ಬ್ಯಾಡ, ಐದ ಇರ್ಲಿ ಅಂದ್ರು. ಕಡಿಮಿ ಮಾಡಿದ್ರ ಆ ಕೂಸಿನ ಜಾಗಾ ಹೋಗಿಬಿಡ್ತದ ಅಂದ್ರು."

ಜುಲೈನಿಂದ ಸೆಪ್ಟೆಂಬರಿನವರೆಗೆ ಎಷ್ಟು ಗುರುವಾರಗಳು. ಅಷ್ಟೂ ಗುರುವಾರ ಆ ಮನುಷ್ಯ ಎಲ್ಲ ಗೊತ್ತಿದ್ದೂ "ಕೂಸು?" ಎಂದು ಕೇಳಿದರು. ಅಷ್ಟೂ ಗುರುವಾರ ನಾನು "ಎರಡ ಸಲ" ಎಂದೆ. ಒಂದು ಗುರುವಾರವಾದರೂ ನಾನೇ ಹೇಳುತ್ತೇನೆ ಎಂದು ಕಾದರು. ನಾನು ಹೇಳಲಿಲ್ಲ. ಕಾಕೂ ಎದುರು ನಾನು ತಲೆ ಎತ್ತಲಿಲ್ಲ, ಅವರೇ ನನ್ನ ಬೆನ್ನು ಸವರಿದರು. ಗಂಡನನ್ನು ಕಳೆದುಕೊಂಡವರು ಅವರು, ಸಮಾಧಾನ ಮಾಡಿಸಿಕೊಂಡವಳು ನಾನು.

ದೀಪಾವಳಿಗೆ ಮಗಳು ಬಂದಳು. ಐದು ತಿಂಗಳಲ್ಲಿ ಎತ್ತರವಾಗಿದ್ದಳು. ಮೈ ಇಳಿದಿತ್ತು. ಹುಬ್ಬಳ್ಳಿಯ ಮಾಮಾ ಹೇಗಿದ್ದಾನೆ, ಮಾಮಿ ಹೇಗಿದ್ದಾಳೆ ಎಂದರೆ "ಭಾಳ ಛಲೋ ನೋಡ್ಕೋತಾರವ್ವಾ" ಎಂದಳು. ಅದು ನಿಜವೇ ಇರಬೇಕು. ಬಂದ ದಿನ ಬುಧವಾರ. ಮಾಲೀಕರ ಕಾಲು ಹಿಡಿಯುವುದೊಂದು ಬಾಕಿ, ಹೇಗೋ ಕೇಳಿಕೊಂಡು ನಾನು ಅವತ್ತು ಏಳಕ್ಕೇ ಮನೆಗೆ ಬಂದೆ. ಬಿಸಿ ಭಕ್ರಿ, ಎಣ್ಣೆಗಾಯಿ ಮಾಡಿದೆ. ಎರಡನೆಯ ಲಕ್ವಾದ ಮೇಲೆ ಗಂಡನ ಎಡಗೈಯೂ ನಡುಗುತ್ತದೆ. ಆದರೂ ಐದು ಚಮಚ ಇಟ್ಟರು. ಅವತ್ತು ಒಂದನ್ನು ನಾನು ತೆಗೆಯಬೇಕಾಗಿರಲಿಲ್ಲ. ಅತ್ತೆಯ ಹಾಸಿಗೆಯ ಪಕ್ಕದಲ್ಲೇ ಎಲ್ಲರೂ ಕುಳಿತೆವು.

ಮಗಳಿಗೆ ಒಂದು ಭಕ್ರಿ ಹಾಕಿದೆ. ಎರಡನೆಯದನ್ನು ಎತ್ತಿ ಅವಳ ಕಡೆ ಬಾಗಿದೆ. ಮೊದಲನೆಯದು ಅರ್ಧವೂ ಮುಗಿದಿರಲಿಲ್ಲ. ಅವಳು ತಮ್ಮನ ಜೊತೆ ಏನೋ ಮಾತಾಡಿ ನಗುತ್ತಿದ್ದಳು, ನನ್ನ ಕಡೆ ನೋಡಲೂ ಇಲ್ಲ. ನೋಡದೆಯೇ ಅವಳ ಎಡಗೈ ಬಂದು ತಟ್ಟೆಯ ಮೇಲೆ ಅಡ್ಡ ನಿಂತಿತು.

"ಸಾಕ್ರಿ," ಎಂದಳು.

ತನ್ನ ತಾಯಿಗೆ ಯಾರೂ ರೀ ಅನ್ನುವುದಿಲ್ಲ. ಅದು ಅವಳ ಕಿವಿಗೂ ಬಿತ್ತು. ನಾಲಿಗೆ ಕಚ್ಚಿಕೊಂಡು "ಸಾಕವ್ವಾ" ಎಂದು ತಿದ್ದಿಕೊಂಡಳು. ಕೈ ಮಾತ್ರ ಅಲ್ಲೇ ಇತ್ತು. "ಕೈ ತಗಿ," ಎಂದೆ. "ಹೊಟ್ಟಿ ತುಂಬೇದ," ಎಂದಳು. "ಕೈ ತಗಿಯೇ," ಎಂದು ಕಿರುಚಿದೆ. ಮಗ ಅಳತೊಡಗಿದ. ನನ್ನ ಗಂಡ ತಮ್ಮ ನಡುಗುವ ಎಡಗೈ ಚಾಚಿ ಅವಳ ಬೆರಳುಗಳನ್ನು ತಟ್ಟೆಯ ಮೇಲಿಂದ ಬಿಡಿಸಲು ನೋಡಿದರು. ಅವರಲ್ಲಿ ಅಷ್ಟು ಶಕ್ತಿ ಇರಲಿಲ್ಲ.

ರವಿವಾರ ಅವಳು ಮತ್ತೆ ಹುಬ್ಬಳ್ಳಿಗೆ ಹೋದಳು. ವರ್ಷದ ನಡುವೆ ಕಾಲೇಜು ಬಿಡಿಸಿ ಇಲ್ಲಿ ಎಲ್ಲಿಗೆ ಸೇರಿಸಲಿ? ಬರುವ ಜೂನ್‌ನಲ್ಲಿ ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಕಳಿಸಿದ್ದೇನೆ. ಹೇಗೆ ಎಂದು ನನಗೆ ಗೊತ್ತಿಲ್ಲ. ಈಗ ಪ್ರತಿ ವಾರದ ಚೀಟಿಯ ನೆತ್ತಿಯ ಮೇಲೆ ಐದು ಮಂದಿ ಎಂದೇ ಬರೆಯುತ್ತೇನೆ, ಗಂಡ ಇಟ್ಟ ಐದನೆಯ ಚಮಚವನ್ನು ತೆಗೆಯುವುದಿಲ್ಲ. ಅವಳು ಬಂದಾಳು. ಬಂದರೂ ಆ ಕೈ ತಟ್ಟೆಯಿಂದ ಎದ್ದೀತೇ ಎಂದು ಯಾರನ್ನು ಕೇಳಲಿ? ಕಾಕಾರ ಕೈ ಐವತ್ತು ವರ್ಷವಾದರೂ ಎದ್ದಿರಲಿಲ್ಲ.